ಮಗುವಿನ ಪಾಲಿನ ಲೆಕ್ಕ

1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೇ ಕಲಮು ಮಗುವಿನ ಓದು, ಬೆಳವಣಿಗೆಯನ್ನು ಯೋಚಿಸಿ ಬರೆದದ್ದಲ್ಲ. ಹೆಂಡತಿ ಮಕ್ಕಳು ಬೀದಿಪಾಲಾಗಬಾರದು, ಅಷ್ಟೇ ಅದರ ಕಾಳಜಿ. ಹಾಗಾಗಿ ಜೀವನಾಂಶಕ್ಕೆ ಒಂದು ಗರಿಷ್ಠ ಮಿತಿಯೂ ಇತ್ತು. 1973ರ ಹೊಸ ಸಂಹಿತೆಯಲ್ಲಿ ಅದೇ 125ನೇ ಕಲಮಾದಾಗಲೂ ತಿಂಗಳಿಗೆ 500 ರೂಪಾಯಿಯ ಮಿತಿ ಉಳಿಯಿತು. ಕೆಲವು ರಾಜ್ಯಗಳು ತಾವೇ ತಿದ್ದುಪಡಿ ತಂದು ಮೊತ್ತ ಏರಿಸಿಕೊಂಡವು. ಸಂಸತ್ತು ಆ ಮಿತಿಯನ್ನು ಕಿತ್ತುಹಾಕಲು 2001ರವರೆಗೆ ಕಾಯಿತು. ಶಾಲೆಯ ಫೀಸು, ಮನೆಬಾಡಿಗೆ ಏರುತ್ತಲೇ ಇದ್ದ ಆ ಕಾಲು ಶತಮಾನದ ವಿಳಂಬ ಕ್ಷಮಿಸುವಂಥದ್ದಲ್ಲ.

ಸಿವಿಲ್ ಕಾನೂನಿನ ದಾರಿ ಬೇರೆ. 1955ರ ಹಿಂದೂ ವಿವಾಹ ಕಾಯ್ದೆ ಮಕ್ಕಳ ಪೋಷಣೆ, ವಿದ್ಯಾಭ್ಯಾಸಗಳಿಗೆ ಆದೇಶ ನೀಡುವ ಅಧಿಕಾರವನ್ನು ವಿಚ್ಛೇದನದ ನ್ಯಾಯಾಲಯಕ್ಕೇ ಕೊಟ್ಟಿತು. ಮರುವರ್ಷದ ದತ್ತಕ ಮತ್ತು ಜೀವನಾಂಶ ಕಾಯ್ದೆ ಹೊಣೆಯನ್ನು ತಂದೆ, ತಾಯಿ ಇಬ್ಬರ ಮೇಲೂ ಹೊರಿಸಿತು. ಇತ್ತ ದಂಡ ಸಂಹಿತೆಯ ದಾರಿಯಲ್ಲೂ 1997ರಲ್ಲಿ ಸುಪ್ರೀಂ ಕೋರ್ಟು, ವಿಚ್ಛೇದಿತ ಮುಸ್ಲಿಂ ದಂಪತಿಯ ಮಕ್ಕಳಿಗೂ 125ನೇ ಕಲಮಿನಡಿ ತಮ್ಮದೇ ಹಕ್ಕಿದೆ ಎಂದಿತು.

ಇಬ್ಬರ ಹೊಣೆ ಎಂದರೆ ಸರಿಪಾಲು ಎಂದಲ್ಲ. ಇದು ಸ್ಪಷ್ಟವಾದದ್ದು 2000ದ ಒಂದು ತೀರ್ಪಿನಲ್ಲಿ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರು, ಗಂಡನ ಸಂಬಳ ಹೆಂಡತಿಯದಕ್ಕಿಂತ ಸುಮಾರು ಎರಡರಷ್ಟು. ನ್ಯಾಯಾಲಯ ಮೊದಲು ಪ್ರತಿ ಮಗುವಿಗೆ ತಿಂಗಳಿಗೆ 3,000 ರೂಪಾಯಿ ಬೇಕೆಂದು ನಿಗದಿ ಮಾಡಿ, ಅದನ್ನು 2:1ರಂತೆ ಹಂಚಿತು. ಮಗುವಿನ ಅಗತ್ಯ ಮೊದಲು, ಹೆತ್ತವರ ಪಾಲು ಆಮೇಲೆ. ಈ ಕ್ರಮವೇ ನ್ಯಾಯ ಎಂದು ನನ್ನ ಬಲವಾದ ನಂಬಿಕೆ.

ಸಂಬಳದ ಶೇ 25 ಎಂಬ ಮಾತು ಜನರ ಬಾಯಲ್ಲಿ ಓಡಾಡುತ್ತದೆ. 2017ರ ಒಂದು ತೀರ್ಪು ಕೈಗೆ ಬರುವ ಸಂಬಳದ ಆ ಪಾಲನ್ನು ಸೂಕ್ತವೆಂದದ್ದು ನಿಜ, ಆದರೆ ಮಕ್ಕಳ ಪಾಲನ್ನು ಅಳೆಯುವ ಸಿದ್ಧಸೂತ್ರ ನಮ್ಮ ಕಾನೂನಿನಲ್ಲಿಲ್ಲ. ಬ್ರಿಟನ್ನಿನಲ್ಲಿ ಸಾಮಾನ್ಯ ದರದಂತೆ ಒಂದು ಮಗುವಿಗೆ ಒಟ್ಟು ಆದಾಯದ ಶೇ 12, ಇಬ್ಬರಿಗೆ ಶೇ 16. ನಮ್ಮಲ್ಲಿ ಎಲ್ಲವೂ ನಿಂತಿರುವುದು ಆದಾಯದ ಸಾಬೀತಿನ ಮೇಲೆ, ಮುಚ್ಚಿಡುವ ಆಟ ನಡೆಯುವುದೂ ಅಲ್ಲೇ.

2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅವರಿದ್ದ ಪೀಠ ಕೈಯಿಟ್ಟದ್ದು ಈ ಮುಚ್ಚುಮರೆಗೆ. ಗಂಡ ಹೆಂಡತಿ ಇಬ್ಬರೂ ಆಸ್ತಿ, ಸಾಲ, ಆದಾಯಗಳನ್ನೆಲ್ಲ ಪ್ರಮಾಣಪತ್ರದಲ್ಲಿ ಬಿಚ್ಚಿಡಬೇಕು. ಕೃಷಿ ಕುಟುಂಬಗಳಿಗೆ ಬೇರೆಯೇ ನಮೂನೆ: ಜಮೀನು ತರಿಯೋ ಖುಷ್ಕಿಯೋ, ಬೆಳೆ ಯಾವುದು, ಹಸು ಎಮ್ಮೆ ಮೇಕೆ ಎಷ್ಟು. ಸಂಬಳದ ಚೀಟಿಯೇ ಇಲ್ಲದ ಮನೆಯ ಮಗುವನ್ನೂ ನೆನೆದು ಬರೆದ ಪ್ರಶ್ನೆಗಳಿವು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕೆಂದೂ ಪೀಠ ಹೇಳಿತು. ಮೊದಲು ಕೆಲವೆಡೆ ಆದೇಶದ ದಿನದಿಂದ ಲೆಕ್ಕ ಹಿಡಿಯುತ್ತಿದ್ದರು. ಪ್ರಕರಣ ಎಳೆದಷ್ಟೂ ಮಗುವಿಗೆ ನಷ್ಟವಾಗುತ್ತಿತ್ತು. ಆದರೂ ಪ್ರಮಾಣಪತ್ರಗಳು ಬರುತ್ತಿಲ್ಲವೆಂದು 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೇ ಮತ್ತೆ ನೆನಪಿಸಬೇಕಾಯಿತು.

ಬಾಕಿ ಕಟ್ಟದವನನ್ನು ಜೈಲಿಗೆ ಕಳಿಸಬಹುದು, ಜೈಲಿಗೆ ಹೋದನೆಂದು ಬಾಕಿ ಅಳಿಯದು. 2024ರ ಜುಲೈನಿಂದ 125ನೇ ಕಲಮಿನ ಜಾಗಕ್ಕೆ ನಾಗರಿಕ ಸುರಕ್ಷಾ ಸಂಹಿತೆಯ 144 ಬಂದಿದೆ, ತಿರುಳು ಹೆಚ್ಚುಕಡಿಮೆ ಅದೇ. ಎಲ್‌ಕೆಜಿ ಫೀಸು ನೋಡಿ ಬರೆದ ಆದೇಶ ಎಸ್ಸೆಸ್ಸೆಲ್ಸಿ ಹೊತ್ತಿಗೆ ಸಾಲದಾದರೆ ಮೊತ್ತ ಏರಿಸಲು 146ರಡಿ ತಾಯಿ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಬೇಕು.