ಐದು ಕಾಲೇಜುಗಳು ಮುಚ್ಚಿದ ಕಥೆ



ಸ್ವದೇಶದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಅಮೆರಿಕದಲ್ಲಿ ರೆಸಿಡೆನ್ಸಿ ಮಾಡಿದ ನಾವು ಪಡೆದ ತರಬೇತಿಯ ಸ್ವರೂಪವನ್ನು ಬಹುಮಟ್ಟಿಗೆ ನಿರ್ಧರಿಸಿದ್ದು 1910ರ ಒಂದು ವರದಿ. ಕಾರ್ನೆಗಿ ಪ್ರತಿಷ್ಠಾನಕ್ಕಾಗಿ ಅದನ್ನು ಬರೆದ ಅಬ್ರಹಾಂ ಫ್ಲೆಕ್ಸ್‌ನರ್ ವೈದ್ಯರಲ್ಲ, ಲೂಯಿವಿಲ್ ನಗರದಲ್ಲಿ ಶಾಲೆ ನಡೆಸಿದ್ದ ಶಿಕ್ಷಕರು. ಅಮೆರಿಕ ಹಾಗೂ ಕೆನಡಾದ 155 ವೈದ್ಯಕೀಯ ಕಾಲೇಜುಗಳ ಸಮೀಕ್ಷೆಯಲ್ಲಿ ಅವರಿಗೆ ಪ್ರಯೋಗಾಲಯವೇ ಇಲ್ಲದ, ಶುಲ್ಕ ಕಟ್ಟುವುದೇ ಅರ್ಹತೆಯಾಗಿದ್ದ ಅನೇಕ ಸಂಸ್ಥೆಗಳು ಕಂಡವು. ಸುಧಾರಣೆ ಅಗತ್ಯವಾಗಿತ್ತೆಂಬುದನ್ನು ನಾವು ಅಲ್ಲಗಳೆಯಲಾರೆವು.

ಆದರೆ ಆ ವರದಿಯ 14ನೆಯ ಅಧ್ಯಾಯವನ್ನು ನಾವು ಗಮನಿಸಬೇಕು. ಕಪ್ಪು ಅಮೆರಿಕನ್ನರ ವೈದ್ಯಶಿಕ್ಷಣಕ್ಕೆ ಅಲ್ಲಿ ದೊರೆತದ್ದು ಎರಡೇ ಪುಟ. ಕಪ್ಪು ವೈದ್ಯನ ವೃತ್ತಿ ಅವನ ಜನರಿಗಷ್ಟೇ ಸೀಮಿತ. ಅವನಿಗೆ ಶಸ್ತ್ರಚಿಕಿತ್ಸೆಗಿಂತ ನೈರ್ಮಲ್ಯವನ್ನು ಕಲಿಸಬೇಕು. ಸೋಂಕು ಬಿಳಿಯರಿಗೆ ಹರಡದಿರಲು ಅದು ಅವಶ್ಯ ಎಂಬುದು ಆ ವಾದದ ಸಾರ. ಇದಕ್ಕೆ 17 ವರ್ಷ ಮೊದಲೇ, 1893ರಲ್ಲಿ, ಚಿಕಾಗೋದ ಕಪ್ಪು ಶಸ್ತ್ರವೈದ್ಯ ಡೇನಿಯಲ್ ಹೇಲ್ ವಿಲಿಯಮ್ಸ್ ಇರಿತಕ್ಕೊಳಗಾದವನೊಬ್ಬನ ಎದೆ ತೆರೆದು, ಹೃದಯದ ಹೊರಪೊರೆಯನ್ನು ಹೊಲಿದು ಬದುಕಿಸಿದ್ದರು.

ಅಂದಿದ್ದ ಏಳು ಕಪ್ಪು ಕಾಲೇಜುಗಳಲ್ಲಿ ಹೊವರ್ಡ್ ಮತ್ತು ಮೆಹಾರಿ ಮಾತ್ರ ಉಳಿಯಲೆಂದು ಫ್ಲೆಕ್ಸ್‌ನರ್ ಸೂಚಿಸಿದರು. ಉಳಿದ ಐದೂ 1923ರ ವೇಳೆಗೆ ಮುಚ್ಚಿಹೋದವು. ಬಿಳಿಯರ ಕಾಲೇಜು ಮುಚ್ಚಿದರೆ ಅಲ್ಲಿನ ವಿದ್ಯಾರ್ಥಿಗೆ ಬೇರೊಂದು ಕಾಲೇಜಿತ್ತು. ಕಪ್ಪು ವಿದ್ಯಾರ್ಥಿಗೆ ಬಹುತೇಕ ಕಾಲೇಜುಗಳಲ್ಲಿ ಪ್ರವೇಶವೇ ಇರಲಿಲ್ಲ. ಆ ಐದೂ ಮುಂದುವರಿದಿದ್ದರೆ 2019ರೊಳಗೆ ಸುಮಾರು 35,000 ವೈದ್ಯರು ಹೆಚ್ಚುವರಿಯಾಗಿ ಹೊರಬರುತ್ತಿದ್ದರೆಂದು 2020ರ ಅಧ್ಯಯನವೊಂದು ಅಂದಾಜಿಸಿದೆ.

ಯಾರನ್ನು ಬಲ್ಲವರೆಂದು ಎಣಿಸಬೇಕು, ಯಾರನ್ನು ಕೇವಲ ರೋಗದ ಆಕರವೆಂದು ಕಾಣಬೇಕು ಎಂಬುದನ್ನೂ ಆ ನೀತಿ ನಿರ್ಣಯಿಸಿತು. ಇದನ್ನು ನಾವು ಅರಿವಿನ ಅನ್ಯಾಯವೆಂದು ಕರೆಯಬಹುದು. ಬಲ್ಲವರ ಸಾಲಿನಲ್ಲಿ ಒಂದು ಸಮುದಾಯ ವಿರಳವಾದಾಗ ಏನಾಗುತ್ತದೆಂಬುದಕ್ಕೆ ನಮ್ಮ ಕಾಲದ್ದೇ ನಿದರ್ಶನವಿದೆ. ಮೂತ್ರಪಿಂಡದ ಕಾರ್ಯಶಕ್ತಿಯನ್ನು ಅಂದಾಜಿಸಲು 1999ರಿಂದ ಬಳಕೆಗೆ ಬಂದ ಸೂತ್ರವು ಕಪ್ಪು ರೋಗಿಯ ಅಂಕಿಯನ್ನು ಹೆಚ್ಚಿಸಿ ತೋರಿಸುತ್ತಿತ್ತು. ಇದರಿಂದ ಮೂತ್ರಪಿಂಡ ಕಸಿಯ ಸರದಿಗೆ ಸೇರುವುದು ತಡವಾಗುತ್ತಿತ್ತು. ವೈದ್ಯಕೀಯ ವಿದ್ಯಾರ್ಥಿಗಳೂ ದನಿಗೂಡಿಸಿ ಪ್ರಶ್ನಿಸಿದ ಬಳಿಕ, 2021ರಲ್ಲಿ ತಜ್ಞರ ಸಮಿತಿಯು ಅದನ್ನು ಕೈಬಿಡಲು ಶಿಫಾರಸು ಮಾಡಿತು.

1965ರ ವಲಸೆ ಕಾಯಿದೆಯು ನಮ್ಮವರಿಗೆ ಈ ದೇಶದ ಬಾಗಿಲನ್ನು ತೆರೆಯಿತು. ಅದಕ್ಕೆ ಅನುಕೂಲವಾದ ವಾತಾವರಣವನ್ನು ನಿರ್ಮಿಸಿದ್ದು ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ. ಇಂದು ಪ್ರವೇಶ, ಪರೀಕ್ಷೆಗಳ ನಿಯಮಗಳನ್ನು ರೂಪಿಸುವ ಸಮಿತಿಗಳಲ್ಲಿ ನಾವೂ ಕುಳಿತಿರುತ್ತೇವೆ. ಈ ನಿಯಮದಿಂದ ಯಾರು ಹೊರಗುಳಿಯುತ್ತಾರೆ, ಅವರಿಗೆ ಬೇರೆ ದಾರಿ ಇದೆಯೇ ಎಂದು ಅಲ್ಲಿ ಕೇಳುವುದು ನಮ್ಮ ಕರ್ತವ್ಯವಾಗಿದೆ.