ಎರಡು ಲೋಹಗಳ ನಡುವಿನ ಹಾಳೆ

ಹಳೆಯ ಕಾರಿನ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕಿಗೂ ಸಿಲಿಂಡರ್ ಹೆಡ್ಡಿಗೂ ನಡುವೆ ಕೂರುವ ಹಾಳೆಯ ವಿಷಯ ಬಂದರೆ ಮಾತೆಲ್ಲ ಗ್ಯಾಸ್ಕೆಟ್ ಬಗೆಗಳ ಸುತ್ತಲೇ ತಿರುಗುತ್ತದೆ: ತಾಮ್ರವೋ, ಗ್ರಾಫೈಟೋ, ಪದರುಗಳ ಉಕ್ಕೋ? ಬೆಂಗಳೂರು ಹೊರವಲಯದ ಕೈಗಾರಿಕೆಯ ಚರಿತ್ರೆಯನ್ನು ಎದುರಿಗಿಟ್ಟುಕೊಂಡರೆ ಈ ಪ್ರಶ್ನೆಯನ್ನು ಬೇರೆ ತುದಿಯಿಂದ ಕೇಳಬೇಕೆನಿಸುತ್ತದೆ. ಯಾವ ಗ್ಯಾಸ್ಕೆಟ್ ನಿಲ್ಲುತ್ತದೆ ಎಂಬುದನ್ನು ನಿರ್ಧರಿಸುತ್ತ ಬಂದಿರುವುದು ಅದರ ಮೇಲೂ ಕೆಳಗೂ ಕೂರುವ ಎರಡು ಮುಖಗಳು, ಆ ಮುಖಗಳನ್ನು ಮಟ್ಟ ಮಾಡಿದ ಯಂತ್ರ, ರೇಡಿಯೇಟರಿಗೆ ಸುರಿದ ನೀರು. ಹಾಳೆಯ ಆಯ್ಕೆ ಇವೆಲ್ಲ ಆದ ಮೇಲಿನದು.

1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದರು. ಯುದ್ಧಕಾಲದಲ್ಲಿ ಅದು ಅಮೆರಿಕನ್ ವಾಯುಪಡೆಯ ದುರಸ್ತಿ ಕೇಂದ್ರವಾಯಿತು. ಡಕೋಟಾ, ಕ್ಯಾಟಲಿನಾ ವಿಮಾನಗಳು ಅಲ್ಲಿ ಬಂದು ಇಳಿದವು. ಅವುಗಳ ಪ್ರಾಟ್ ಅಂಡ್ ವಿಟ್ನಿ ಎಂಜಿನ್‌ಗಳ ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು, ಬ್ಯಾರೆಲ್ ಉಕ್ಕಿನದು. ನಡುವೆ ಗ್ಯಾಸ್ಕೆಟ್ಟೇ ಇಲ್ಲ. ಹೆಡ್ಡನ್ನು ಕಾಯಿಸಿ, ಹಿಗ್ಗಿಸಿ, ಬ್ಯಾರೆಲ್‌ನ ತಿರುಪುಸುತ್ತಿಗೆ ತಿರುಗಿಸಿ ಕೂರಿಸುತ್ತಿದ್ದರು. ತಣ್ಣಗಾದಾಗ ಅಲ್ಯೂಮಿನಿಯಂ ಕುಗ್ಗಿ ಉಕ್ಕನ್ನು ಬಿಗಿಯಾಗಿ ಹಿಡಿಯುತ್ತಿತ್ತು. ವಿಮಾನಕ್ಕೆ ಇದು ಸರಿ. ರಸ್ತೆಯ ಕಾರಿನ ಹೆಡ್ ಮಾತ್ರ ವಾಲ್ವ್ ತಿಕ್ಕಲು, ಕಾರ್ಬನ್ ತೆಗೆಯಲು ಮತ್ತೆ ಮತ್ತೆ ಬಿಚ್ಚಲೇಬೇಕು. ಬಿಚ್ಚುವ ಜಾಗದಲ್ಲಿ ಹಾಳೆ ಬೇಕೇ ಬೇಕು. ಅಂಥ ಕಾರನ್ನೂ ನಮ್ಮ ದೇಶದಲ್ಲೇ ತಯಾರಿಸಬೇಕೆಂದು ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಹೆಣಗಿದ್ದರು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಕೊನೆಗೆ ವಾಲ್‌ಚಂದರ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಅಲ್ಲಿಂದ ಬಂದ ಫಿಯೆಟ್ 1100, ಮುಂದೆ ಪದ್ಮಿನಿ ಎಂದು ಮನೆಮಾತಾದ ಕಾರು, ನಮ್ಮ ಚರ್ಚೆಗೆ ಅಚ್ಚುಕಟ್ಟಾದ ಉದಾಹರಣೆ. ಅದರ 1089 ಸಿಸಿ ಎಂಜಿನ್‌ನ ಬ್ಲಾಕ್ ಬೀಡುಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂನದು. ಅದೇ ಕಾಲದ ಅಂಬಾಸಿಡರ್‌ನ 1489 ಸಿಸಿ ಎಂಜಿನ್‌ನಲ್ಲಿ ಎರಡೂ ಬೀಡುಕಬ್ಬಿಣ. ಮೈಸೂರಿನಲ್ಲೇ ತಯಾರಾದ ಜಾವಾ, ಯೆಜ್ಡಿಗಳದ್ದೂ ಅಲ್ಯೂಮಿನಿಯಂ ಹೆಡ್ಡೇ. ಆದರೆ ಗಾಳಿಯಿಂದ ತಣಿಯುವ ಆ ಟೂ-ಸ್ಟ್ರೋಕ್‌ನ ಹೆಡ್ಡಿನ ಸಂದಿಯಲ್ಲಿ ನೀರಿಲ್ಲ, ಎಣ್ಣೆಯ ದಾರಿಯಿಲ್ಲ, ತಡೆಯಬೇಕಾದ್ದು ಬೆಂಕಿಯೊಂದನ್ನೇ.

ಪದ್ಮಿನಿಯ ಕಷ್ಟ ಇರುವುದು ಹಿಗ್ಗುವಿಕೆಯಲ್ಲಿ. ಒಂದೇ ಬಿಸಿಗೆ ಅಲ್ಯೂಮಿನಿಯಂ ಬೀಡುಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. 40 ಸೆಂ.ಮೀ. ಉದ್ದದ ಹೆಡ್ ತಣ್ಣನೆಯ ಬೆಳಗಿನಿಂದ 80 ಡಿಗ್ರಿಯಷ್ಟು ಕಾದರೆ ಬ್ಲಾಕಿಗಿಂತ ಹೆಚ್ಚುಕಡಿಮೆ 0.4 ಮಿ.ಮೀ. ಹೆಚ್ಚು ಬೆಳೆಯಲು ನೋಡುತ್ತದೆ. ಬೋಲ್ಟುಗಳು ಹಿಡಿದಿದ್ದರೂ ಪ್ರತಿ ಸಲ ಎಂಜಿನ್ ಬಿಸಿಯಾಗಿ ತಣಿಯುವಾಗ ಹೆಡ್ ಹಾಳೆಯ ಮೇಲೆ ಉಜ್ಜುತ್ತಲೇ ಇರುತ್ತದೆ. ಹಿಂದಿನವರು ಬಳಸಿದ ತಾಮ್ರ-ಆಸ್ಬೆಸ್ಟಾಸ್ ಗ್ಯಾಸ್ಕೆಟ್ ಈ ಉಜ್ಜಾಟವನ್ನು ತಾಳುತ್ತಿತ್ತು. ಮೆದುವಾದ ನಾರು ಮುಖದ ಸಣ್ಣ ಗೀರುಗಳನ್ನು ತುಂಬಿಕೊಳ್ಳುತ್ತಿತ್ತು, ತಾಮ್ರದ ತೆಳು ಹೊದಿಕೆ ಬೆಂಕಿಯನ್ನು ತಡೆಯುತ್ತಿತ್ತು. ಕೈಯರದಿಂದ, ಗಾಜಿನ ಮೇಲೆ ಹಾಸಿದ ಎಮರಿ ಹಾಳೆಯಿಂದ ಹೆಡ್ ಮಟ್ಟ ಮಾಡುತ್ತಿದ್ದ ಗ್ಯಾರೇಜುಗಳಿಗೆ ಒರಟುತನವನ್ನು ಕ್ಷಮಿಸುವ ಹಾಳೆಯೇ ಬೇಕಿತ್ತು. ಅದನ್ನು ಹಿಂದುಳಿದ ತಂತ್ರ ಎನ್ನುವುದು ಅನ್ಯಾಯ.

ಅದರ ನಿಜವಾದ ದೋಷ ಬಯಲಾದದ್ದು ನೀರಿನಲ್ಲಿ. ತಾಮ್ರವೂ ಅಲ್ಯೂಮಿನಿಯಮ್ಮೂ ಒಂದೇ ನೀರಿನಲ್ಲಿ ನೆನೆದರೆ ಸವೆಯುವುದು ಅಲ್ಯೂಮಿನಿಯಂ. ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಸವೆತ ಬೇಗ. ಬೆಂಗಳೂರಿಗೆ ಮೊದಲು ಹೆಸರಘಟ್ಟದ, 1930ರ ದಶಕದಿಂದ ತಿಪ್ಪಗೊಂಡನಹಳ್ಳಿಯ, 1974ರಿಂದ ಕಾವೇರಿಯ ನೀರು ಬಂತು. ಊರಾಚೆಯ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳು ಮಾತ್ರ ಬಹುಕಾಲ ಕೊಳವೆಬಾವಿ ಮತ್ತು ಟ್ಯಾಂಕರ್ ನಂಬಿಕೊಂಡವು. ಆ ಗಡಸು ನೀರೇ ರೇಡಿಯೇಟರಿಗೂ ಹೋದರೆ ಸುಣ್ಣ ಕಟ್ಟಿ ದಾರಿಗಳು ಕಿರಿದಾಗುತ್ತವೆ, ಹೆಡ್ಡಿನ ನೀರಿನ ತೂತುಗಳ ಅಂಚು ಗುಂಡಿ ಬೀಳುತ್ತದೆ. ಮೇಲಾಗಿ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಈ ಊರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳದ ಸ್ಪ್ರಿಂಗ್ ಸಡಿಲವಾಗಿದ್ದರೆ ಶಿರಾಡಿ ಘಾಟಿ ಹತ್ತುವಾಗ ಅಲ್ಯೂಮಿನಿಯಂ ಹೆಡ್ ಬೆಂಡಾಗಲು ಹೆಚ್ಚು ಹೊತ್ತು ಬೇಡ. ಗ್ಯಾಸ್ಕೆಟ್ ಮೇಲೆ ಹೊರಿಸಿದ ದೂರುಗಳಲ್ಲಿ ಎಷ್ಟೋ ನೀರಿನವೇ ಆಗಿರಬೇಕು.

ಇಂದಿನ ಕಾರುಗಳಲ್ಲಿರುವ ಪದರುಗಳ ಉಕ್ಕಿನ ಗ್ಯಾಸ್ಕೆಟ್ಟನ್ನೇ ಹಳೆಯದಕ್ಕೂ ಹಾಕಿದರೆ ಮುಗಿಯಿತಲ್ಲ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ: ಉಜ್ಜಾಟಕ್ಕೆ ಅದರಷ್ಟು ಬಾಳುವುದು ಇನ್ನೊಂದಿಲ್ಲ. ಆದರೆ ಅದು ಕೇಳುವ ನುಣುಪು ಸುಮಾರು 0.8 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ, ಅದೂ ಎರಡೂ ಮುಖಗಳಲ್ಲಿ. 1953ರಲ್ಲಿ ಜಾಲಹಳ್ಳಿಗೆ ಎಚ್‌ಎಂಟಿ, 1962ರಲ್ಲಿ ತುಮಕೂರು ರಸ್ತೆಗೆ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ, 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬಂದ ಮೇಲೆ ಅಂಥ ನುಣುಪು ಈ ಭಾಗಕ್ಕೆ ಅಸಾಧ್ಯವಾಗಿ ಉಳಿದಿಲ್ಲ. ಹೆಡ್ಡನ್ನು ಬಿಚ್ಚಿ ತಂದು ಫೇಸಿಂಗ್ ಮಾಡಿಸುವುದು ಸುಲಭ. ಬ್ಲಾಕಿನ ಮುಖಕ್ಕೆ ಅದೇ ನುಣುಪು ಕೊಡಬೇಕಾದರೆ ಇಡೀ ಎಂಜಿನ್ ಇಳಿಸಬೇಕು, ಕ್ರ್ಯಾಂಕ್ ಸಮೇತ ಬಿಚ್ಚಬೇಕು. ಇನ್ನು ಒಮ್ಮೆ ಅತಿಯಾಗಿ ಕಾದ ಹಳೆಯ ಅಲ್ಯೂಮಿನಿಯಂ ಹದ ಕಳೆದುಕೊಂಡು ಮೆತ್ತಗಾಗಿರುತ್ತದೆ. ಉಕ್ಕಿನ ಗ್ಯಾಸ್ಕೆಟ್ಟಿನ ಉಬ್ಬುಗೆರೆ ಅದರೊಳಗೇ ಕಚ್ಚಿ ಗುರುತು ಮಾಡಬಹುದು. ಬ್ಲಾಕ್ ಇಳಿಸದೆ ಮಾಡುವ ಕೆಲಸಕ್ಕೆ ಗ್ರಾಫೈಟ್ ಹೊದಿಕೆಯ ಗ್ಯಾಸ್ಕೆಟ್ಟೇ ಸರಿ ಎಂಬುದು ನನ್ನ ತೀರ್ಮಾನ: 1.5 ಮೈಕ್ರಾನ್ ಒರಟನ್ನೂ ಅದು ಸಹಿಸುತ್ತದೆ, ತಾನೇ ಜಾರುವ ಗುಣದ್ದಾದ್ದರಿಂದ ಉಜ್ಜಾಟಕ್ಕೂ ಒಗ್ಗುತ್ತದೆ. ಗ್ರಾಫೈಟ್ ಕೂಡ ನೀರಿನಲ್ಲಿ ಅಲ್ಯೂಮಿನಿಯಮ್ಮನ್ನು ಸವೆಸುತ್ತದೆ ಎಂಬ ಆಕ್ಷೇಪ ನಿಜ. ಅದಕ್ಕೆ ಉತ್ತರ ಗ್ಯಾಸ್ಕೆಟ್ ಬದಲಿಸುವುದಲ್ಲ, ಕೊಳವೆಬಾವಿ ನೀರನ್ನು ಬಿಟ್ಟು ಶುದ್ಧ ನೀರಿನಲ್ಲಿ ಬೆರೆಸಿದ ಕೂಲಂಟ್ ಹಾಕುವುದು. ಗಟ್ಟಿ ತಾಮ್ರದ ಹಾಳೆಯನ್ನು ಕೆಂಪಗೆ ಕಾಯಿಸಿ ಮೆದುಮಾಡಿ ಮತ್ತೆ ಬಳಸಬಹುದೆಂಬ ಆಸೆಯೂ ಹಲವರಿಗಿದೆ. ಒತ್ತಿದ ಮೇಲೆ ಅದು ಮತ್ತೆ ಎದ್ದು ಬರುವುದಿಲ್ಲ. ನೀರಿನ ದಾರಿಗಳಿರುವ ಹೆಡ್ಡಿಗೆ ಅದು ತಕ್ಕದ್ದಲ್ಲ.

ಉಳಿದದ್ದು ಮೂಲದ ನಿಷ್ಠೆ. ಕಾರ್ಖಾನೆಯಿಂದ ಬಂದಂತೆಯೇ ಇರಲೆಂದು ಎಲ್ಲೋ ಉಳಿದ ಆಸ್ಬೆಸ್ಟಾಸ್ ಗ್ಯಾಸ್ಕೆಟ್ ಹುಡುಕಿ ತರುವವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಜೋಡಿಸಿದ ಮೇಲೆ ಯಾರಿಗೂ ಕಾಣದ ಭಾಗಕ್ಕಾಗಿ ಅಪಾಯಕ್ಕೆ ಒಡ್ಡಿಕೊಳ್ಳುವವನು ಕೆಲಸಗಾರ. ಆಸ್ಬೆಸ್ಟಾಸ್ ಕೆಲಸಗಾರರ ಆರೋಗ್ಯ ಅವರ ಮೂಲಭೂತ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಹೊಸದನ್ನು ಹಾಕದಿದ್ದರೂ ಹಳೆಯದನ್ನು ತೆಗೆಯುವ ಕೆಲಸ ತಪ್ಪದು. ಬ್ಲಾಕಿಗೆ ಅಂಟಿದ ಆ ಹಾಳೆಯನ್ನು ಗ್ರೈಂಡರಿಗೆ ತಂತಿ ಬ್ರಷ್ ಸಿಕ್ಕಿಸಿ ಕೆರೆದರೆ ನಾರು ಗಾಳಿಗೇರಿ ಶ್ವಾಸಕೋಶ ಸೇರುತ್ತದೆ. ಅದೇ ಬ್ರಷ್ ಅಲ್ಯೂಮಿನಿಯಂ ಹೆಡ್ಡಿನ ಮುಖವನ್ನು ಅಲೆ ಅಲೆಯಾಗಿ ತೋಡಿ ಯಾವ ಗ್ಯಾಸ್ಕೆಟ್ಟೂ ಕೂರದಂತೆ ಮಾಡುತ್ತದೆ. ಚೆನ್ನಾಗಿ ನೆನೆಸಿ, ಒದ್ದೆಯಿರುವಾಗಲೇ ಮೊಂಡು ಪಟ್ಟಿಯಿಂದ ಮೆಲ್ಲಗೆ ಎಬ್ಬಿಸಿ, ಚೂರುಗಳನ್ನು ಚೀಲದಲ್ಲಿ ಕಟ್ಟಿಡುವುದು ಇಬ್ಬರನ್ನೂ ಉಳಿಸುತ್ತದೆ: ಹೆಡ್ಡನ್ನೂ, ಅದರ ಮೇಲೆ ಬಗ್ಗಿ ನಿಂತ ಹುಡುಗನನ್ನೂ.