ಬೇರು ಯಾವುದು, ಫಲ ಯಾವುದು? ನಂಬಿಕೆ–ಸತ್ಕ್ರಿಯೆಗಳ ಚರ್ಚೆ ನಡೆದುಬಂದ ದಾರಿ

ಅಬ್ರಹಾಮನ ಬದುಕಿನಿಂದ ಹೊಸ ಒಡಂಬಡಿಕೆಯ ಇಬ್ಬರು ಎರಡು ಪಾಠ ಹೇಳಿದರು. ದೇವರ ಮಾತನ್ನು ನಂಬಿದ್ದಕ್ಕೇ ಅವನು ನೀತಿವಂತನೆನಿಸಿದ ಎಂದು ಪೌಲ ರೋಮಾಪುರದವರಿಗೆ ಬರೆದ. ಅವನ ಆಧಾರ ಆದಿಕಾಂಡದ 15ನೇ ಅಧ್ಯಾಯ. ಯಾಕೋಬನ ಪತ್ರಿಕೆ ಅದೇ ಆದಿಕಾಂಡದ 22ನೇ ಅಧ್ಯಾಯಕ್ಕೆ ಹೋಗುತ್ತದೆ. ಮಗ ಇಸಾಕನನ್ನು ಬಲಿಪೀಠದ ಮೇಲೆ ಅರ್ಪಿಸಲು ಮುಂದಾದಾಗ ಆ ನಂಬಿಕೆ ಪೂರ್ಣವಾಯಿತು ಎನ್ನುತ್ತದೆ. ಉಡಲು ಉಣ್ಣಲು ಇಲ್ಲದವರನ್ನು ಬರಿಯ ಹಾರೈಕೆಯ ಮಾತಿನಿಂದ ಕಳುಹಿಸಿದರೆ ಏನು ಬಂತು ಎಂದು ಕೇಳುತ್ತದೆ.

ಇಬ್ಬರ ಎದುರಿಗಿದ್ದ ಜನ ಬೇರೆ. ಸುನ್ನತಿಯಂಥ ವಿಧಿಗಳನ್ನು ಅನ್ಯಜನರ ಮೇಲೆ ಹೇರುವವರಿಗೆ ಪೌಲ ಉತ್ತರಿಸುತ್ತಿದ್ದ. ನಂಬಿದ್ದೇವೆಂದು ಹೇಳಿ ಸುಮ್ಮನಿರುವವರನ್ನು ಯಾಕೋಬ ಎಚ್ಚರಿಸುತ್ತಿದ್ದ.

ಐದನೇ ಶತಮಾನದಲ್ಲಿ ಪ್ರಶ್ನೆ ಇನ್ನೊಂದು ರೂಪ ತಾಳಿತು. ಮನುಷ್ಯ ತನ್ನ ಇಚ್ಛೆಯಿಂದಲೇ ಒಳ್ಳೆಯವನಾಗಬಲ್ಲ ಎಂಬ ಪೆಲಾಜಿಯಸನ ಬೋಧನೆಯನ್ನು ಅಗಸ್ಟೀನ್ ವಿರೋಧಿಸಿದ. ಒಳಿತು ಮಾಡುವ ಮನಸ್ಸೂ ದೇವರ ಕೃಪೆಯೇ ಎಂದ. 418ರ ಕಾರ್ಥೇಜ್ ಸಭೆ ಪೆಲಾಜಿಯಸನ ಮತವನ್ನು ತಳ್ಳಿಹಾಕಿತು. 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್, ಪ್ರೀತಿಯೇ ನಂಬಿಕೆಗೆ ಜೀವ ಕೊಡುತ್ತದೆ ಎಂದು ವಿವರಿಸಿದ.

ದೊಡ್ಡ ಬಿರುಕು ಬಿಟ್ಟದ್ದು 1517ರ ನಂತರ. ಪಾಪದ ದಂಡನೆ ತಗ್ಗಿಸುವ ಪತ್ರಗಳು ಹಣಕ್ಕೆ ಸಿಗುತ್ತಿದ್ದ ಕಾಲದಲ್ಲಿ ಮಾರ್ಟಿನ್ ಲೂಥರ್, ನಂಬಿಕೆಯೊಂದೇ ಸಾಕು ಎಂದ. 1522ರಲ್ಲಿ ಯಾಕೋಬನ ಪತ್ರಿಕೆಯನ್ನು ಹುಲ್ಲಿಗೆ ಹೋಲಿಸಿದ. ಆದರೂ ಜೀವಂತ ನಂಬಿಕೆ ಒಳಿತು ಮಾಡದೆ ಇರಲಾರದು ಎಂದವನೂ ಅವನೇ. ಅವನಿಗೆ ಮರ ಮೊದಲು, ಹಣ್ಣು ಆಮೇಲೆ. 1547ರಲ್ಲಿ ಟ್ರೆಂಟ್ ಮಹಾಸಭೆ, ಸತ್ಕ್ರಿಯೆಗಳು ಬರೀ ಫಲವಲ್ಲ, ಕೃಪೆಯಲ್ಲಿ ಬೆಳೆಸುವಂಥವೂ ಹೌದು ಎಂದು ಕಥೋಲಿಕ ನಿಲುವನ್ನು ಖಚಿತಪಡಿಸಿತು.

ಲೂಥರನ ಅನುಯಾಯಿಗಳಲ್ಲೇ ನಂಬಿಕೆ ಬಾಯಿಪಾಠವಾಗತೊಡಗಿದಾಗ ಪಿಯೆಟಿಸಂ ಎಂಬ ಭಕ್ತಿ ಚಳವಳಿ ಹುಟ್ಟಿತು. 1675ರಲ್ಲಿ ಪಾದ್ರಿ ಸ್ಪೆನರ್ ಅದಕ್ಕೆ ದಿಕ್ಕು ತೋರಿದ. ಅದೇ ಚಳವಳಿಯ ಫ್ರಾಂಕೆ ಜರ್ಮನಿಯ ಹಾಲೆ ಪಟ್ಟಣದಲ್ಲಿ ಬಡಮಕ್ಕಳ ಶಾಲೆ, ಅನಾಥಾಲಯ ಕಟ್ಟಿದ. ಇದೇ ಚಳವಳಿಯಿಂದ ಬಂದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಕಾಲಿಟ್ಟಿತು. ಮತಾಂತರವಾದ ಮೇಲೆ ಜಾತಿಯ ಆಸರೆಯನ್ನೂ ಕಸುಬನ್ನೂ ಕಳೆದುಕೊಂಡವರಿಗೆ ಉಪದೇಶವಷ್ಟೇ ಸಾಲದೆಂದು ನೇಯ್ಗೆ ಶಾಲೆ ನಡೆಸಿತು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಯಾಕೋಬನ ಪ್ರಶ್ನೆಗೆ ನಮ್ಮ ಕರಾವಳಿಯಲ್ಲಿ ಸಿಕ್ಕ ಉತ್ತರಗಳಲ್ಲಿ ಇದೂ ಒಂದು.

1937ರಲ್ಲಿ, ನಾಜಿ ಆಳ್ವಿಕೆಯ ನಡುವೆ, ಜರ್ಮನ್ ಪಾದ್ರಿ ಡೀಟ್ರಿಚ್ ಬಾನ್‌ಹಾಫರ್ ಬದುಕನ್ನು ಬದಲಿಸದ ‘ಅಗ್ಗದ ಕೃಪೆ’ಯನ್ನು ಖಂಡಿಸಿದ. ನಂಬಿಕೆಯನ್ನು ವಿಧೇಯತೆಯಿಂದ ಬಿಡಿಸಲಾಗದು ಎಂದ ಅವನನ್ನು 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಲಾಯಿತು. 1977ರಲ್ಲಿ ವಿದ್ವಾಂಸ ಇ. ಪಿ. ಸ್ಯಾಂಡರ್ಸ್, ಪೌಲನ ಕಾಲದ ಯೆಹೂದ್ಯರೂ ದೇವರ ಕೃಪೆಯಿಂದಲೇ ಆರಂಭಿಸುತ್ತಿದ್ದರು ಎಂದು ತೋರಿಸಿ, ಅವರು ಕ್ರಿಯೆಗಳಿಂದಲೇ ರಕ್ಷಣೆ ಗಳಿಸಲು ನೋಡುತ್ತಿದ್ದರೆಂಬ ಹಳೆಯ ಓದನ್ನು ಅಲುಗಾಡಿಸಿದ.

ಕೊನೆಗೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರೂ ಕಥೋಲಿಕರೂ ಜಂಟಿ ಘೋಷಣೆಗೆ ಸಹಿ ಹಾಕಿದರು. ದೇವರು ಮನುಷ್ಯನನ್ನು ಸ್ವೀಕರಿಸುವುದು ಕೃಪೆಯಿಂದ, ಸತ್ಕ್ರಿಯೆಗಳು ಅದನ್ನು ಹಿಂಬಾಲಿಸುವ ಫಲ ಎಂಬುದು ಅದರ ಸಾರ.

ಈ ದೀರ್ಘ ಚರ್ಚೆಯಲ್ಲಿ ಜಗಳವಿದ್ದದ್ದು ಸತ್ಕ್ರಿಯೆಯ ಸ್ಥಾನದ ಬಗ್ಗೆ. ಅದು ಬೇಡವೆಂದು ಈ ಗುರುಗಳಲ್ಲಿ ಯಾರೂ ಹೇಳಲಿಲ್ಲ. ನೆರೆಯವನ ನಂಬಿಕೆಯನ್ನು ಅಳೆಯಲು ಅದನ್ನು ಕೋಲಾಗಿ ಹಿಡಿಯುವುದು ಬೇಡ. ನಮ್ಮ ನಂಬಿಕೆಗೆ ಅದು ಕನ್ನಡಿಯಾಗಲಿ.